ಅಟ್ಟದ ಲೆಕ್ಕವೂ ಕಂಪನಿಯ ಲೆಕ್ಕವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರನ ಮೇಲೆ ಪಟ್ಟಣದ ಪಂಡಿತರು ಒಂದು ಆರೋಪವನ್ನು ಹೊರಿಸುತ್ತಿರುವರು. ಬೆಳೆಗಾರರೇ ಒಡೆಯರಾಗಿ, ಆಳಿಗೊಂದೇ ಮತದಂತೆ ಉತ್ಪಾದಕರ ಕಂಪನಿಯನ್ನು ಕಟ್ಟಿಕೊಳ್ಳಲು 2003ರಿಂದಲೇ ಕಾನೂನಿನ ಅವಕಾಶವಿದೆ. ಆದರೂ ಇಂಥ ಕಂಪನಿಗಳು ಏಳಿಗೆಗೆ ಬಾರದಿರುವುದು ಹಳ್ಳಿಗರ ಆಲಸ್ಯದಿಂದಲೇ ಅಂತೆ! ಸಾಕ್ಷ್ಯವನ್ನು ವಿಚಾರಿಸದೆ ಕೊಟ್ಟ ಈ ತೀರ್ಪನ್ನು ನಾವು ಒಪ್ಪಲಾರೆವು.

ಮೊದಲನೆಯ ಸಾಕ್ಷಿ ತೆಂಗಿನ ಮರ. ಹೊಂಬಾಳೆಯೊಡೆದ ಮೇಲೆ ಕಾಯಿ ಬಲಿಯುವುದಕ್ಕೆ ಒಂದು ವರ್ಷ ಬೇಕು. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದರೆ, ಚಿಪ್ಪಿನೊಳಗೆ ತಿರುಳು ತಾನಾಗಿ ಒಣಗಿ ಉಂಡೆ ಕೊಬ್ಬರಿಯಾಗುವುದಕ್ಕೆ ಮತ್ತೆ ಹತ್ತು ಹನ್ನೊಂದು ತಿಂಗಳು. ಆದುದರಿಂದ ಒಂದು ಬರಗಾಲದ ಪೆಟ್ಟು ಮೂರನೆಯ ವರ್ಷದವರೆಗೂ ಪೇಟೆಗೆ ತಾಕುತ್ತಲೇ ಇರುವುದು. ಕಂಪನಿಯ ಲೆಕ್ಕವೋ, ಪ್ರತಿ ಮಾರ್ಚ್ 31ಕ್ಕೆ ಮುಗಿಯತಕ್ಕದ್ದು!

ಎರಡನೆಯ ಸಾಕ್ಷಿ ಪೇಟೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿತು. ಅದೇ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆಯು 8,000ದ ಆಸುಪಾಸಿಗೆ ಕುಸಿಯಿತು. ಸಾಲದಲ್ಲಿದ್ದವನು ಕಾಯುವುದೆಂತು? ಬಂದ ಬೆಲೆಗೆ ಅಟ್ಟವನ್ನು ಬರಿದುಮಾಡಿದನು. 2025ರಲ್ಲಿ ಅದೇ ಕೊಬ್ಬರಿ 25,000ವನ್ನು ದಾಟಿತು. ಆದರೆ ಬರದಿಂದಲೂ ಕಪ್ಪುತಲೆ ಹುಳುವಿನಿಂದಲೂ ಬಿಳಿನೊಣದಿಂದಲೂ ತೋಟಗಳು ಸೊರಗಿ, ಅನೇಕರ ಅಟ್ಟದಲ್ಲಿ ಕಾಯಿಯೇ ಇರಲಿಲ್ಲ. ಕಾಯಿಯಿದ್ದಾಗ ಬೆಲೆಯಿಲ್ಲ, ಬೆಲೆ ಬಂದಾಗ ಕಾಯಿಯಿಲ್ಲ. ಈ ನಡುವೆ ಮಗನು ಬೆಂಗಳೂರಿನ ಬಸ್ಸು ಹತ್ತಿದರೆ ಅದನ್ನು ಆಲಸ್ಯವೆನ್ನುವವರು ಯಾರು?

ಸದಸ್ಯನು ಕಾಯಲಾರದೆ ಮುಂಗಡ ಕೊಟ್ಟ ವರ್ತಕನಿಗೇ ಮಾಲನ್ನು ಒಪ್ಪಿಸಿದ ಮೇಲೆ ಕಂಪನಿಯ ಪಾಲಿಗೆ ಉಳಿಯುವುದು ಬಾಗಿಲ ಮೇಲಣ ಬೋರ್ಡು ಮಾತ್ರ. 2007ರ ಉಗ್ರಾಣ ಕಾನೂನು ನೋಂದಾಯಿತ ಉಗ್ರಾಣದ ರಸೀದಿಯ ಮೇಲೆ ಸಾಲಕ್ಕೆ ದಾರಿ ಮಾಡಿತು. ನಮ್ಮ ಬೆಳೆಗಾರನ ಸರ್ವಸ್ವವು ಇರುವುದು ಮನೆಯ ಅಟ್ಟದಲ್ಲಿ. ಅಟ್ಟವು ಆ ಕಾನೂನಿನ ಕಣ್ಣಿಗೆ ಉಗ್ರಾಣವಲ್ಲ!

ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಅಟ್ಟದ ಕಾಯಿಯನ್ನು ಕಂಪನಿಯೇ ಎಣಿಸಿ ದೃಢೀಕರಿಸಲಿ. ಅದರ ಆಧಾರದ ಮೇಲೆ ಬ್ಯಾಂಕು ಸಾಲ ಕೊಡಲಿ. ಕಂಪನಿಯ ಯೋಗ್ಯತೆಯನ್ನು ಮೂರು ವರ್ಷಗಳ ಸರಾಸರಿಯಿಂದ ಅಳೆಯಲಿ. ಬೆಂಬಲ ಬೆಲೆಯ ಖರೀದಿಯು ಬೆಲೆ ಕುಸಿದ ವಾರವೇ ಆರಂಭವಾಗಲಿ.

1956ರ ನವೆಂಬರ್ 1ರಂದು ಕನ್ನಡಿಗರು ಒಂದು ಆಡಳಿತಕ್ಕೆ ಬಂದರು. ತುಮಕೂರಿನ ಬೆಳೆಗಾರನೂ ನೆರೆಯ ಅರಸೀಕೆರೆಯ ಬೆಳೆಗಾರನೂ ಒಂದೇ ತಕ್ಕಡಿಯ ಮುಂದೆ ಒಂದೇ ಮಾತನ್ನಾಡುವ ದಿನ ಇನ್ನೂ ಬಂದಿಲ್ಲ. ಭೂಪಟದ ಏಕೀಕರಣ ಮುಗಿಯಿತು. ಬದುಕಿನ ಏಕೀಕರಣಕ್ಕೆ ಕನ್ನಡಿಗರು ಸೊಂಟ ಕಟ್ಟಲಿ.