ದುಡಿಮೆ ನಮ್ಮದು, ಗಂಟು ಯಾರ ಕೈಯಲ್ಲಿ?

‘ಹೆಣ್ಣು ತನ್ನ ಕಾಲ ಮೇಲೆ ತಾನು ನಿಂತರೆ ಸಾಕು, ಹೊಡೆತ ಬಡಿತ ತಾನಾಗಿಯೇ ನಿಲ್ಲುತ್ತದೆ.’ ಈ ಮಾತನ್ನು ಸಭೆಗಳಲ್ಲಿ ನಾವು ಎಷ್ಟು ಸಲ ಹೇಳಿಲ್ಲ, ಎಷ್ಟು ಸಲ ಕೇಳಿಲ್ಲ! ನಮ್ಮ ಸ್ವಸಹಾಯ ಸಂಘಗಳು ಬೆಳೆದದ್ದೂ ಈ ನಂಬಿಕೆಯ ಮೇಲೆಯೇ. ಮಾತಿನಲ್ಲಿ ಸತ್ಯವಿದೆ. ಆದರೆ ಅದು ಅರ್ಧ ಸತ್ಯ ಎಂದು ನನಗೆ ಅನ್ನಿಸುತ್ತದೆ. ಉಳಿದ ಅರ್ಧ ತಿಳಿಯಬೇಕಾದರೆ ನಮ್ಮದೇ ನೆಲದ ಒಬ್ಬ ಹಾಡುಗಾರ್ತಿಯ ಬಾಳನ್ನು ನೋಡಬೇಕು. ಅವರ ಹೆಸರು ಅಮೀರ್‌ಬಾಯಿ ಕರ್ನಾಟಕಿ.

ಇಂದಿನ ಹುಡುಗಿಯರಿಗೆ ಈ ಹೆಸರು ಗೊತ್ತಿರಲಾರದು. ಅಮೀರ್‌ಬಾಯಿ ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯವರು. ಅಕ್ಕ ಗೋಹರಬಾಯಿಯೂ ಹೆಸರಾಂತ ನಟಿ, ಗಾಯಕಿ. ಅಮೀರ್‌ಬಾಯಿ ಚಿಕ್ಕ ವಯಸ್ಸಿನಲ್ಲೇ ಮುಂಬಯಿ ಸೇರಿ 1934ರ ಹೊತ್ತಿಗೆ ಸಿನಿಮಾದಲ್ಲಿ ಕೆಲಸ ಮಾಡತೊಡಗಿದರು. 1940ರ ‘ನರಸಿ ಭಗತ್’ ಚಿತ್ರದಲ್ಲಿ ಗಾಂಧೀಜಿಯವರಿಗೆ ಬಹಳ ಪ್ರಿಯವಾದ ವೈಷ್ಣವ ಭಜನೆಯನ್ನು ಹಾಡಿದರು. 1943ರಲ್ಲಿ ಬಂದ ‘ಕಿಸ್ಮತ್’ ಚಿತ್ರ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅದರ ಹಾಡುಗಳಿಂದ ಅಮೀರ್‌ಬಾಯಿ ದೇಶದಲ್ಲೆಲ್ಲ ಮನೆಮಾತಾದರು. ಪರಕೀಯರು ಈ ನೆಲ ಬಿಟ್ಟು ತೊಲಗಬೇಕೆಂದು ಕೂಗಿ ಹೇಳುವ ಹಾಡೂ ಆ ಚಿತ್ರದಲ್ಲಿತ್ತು. ಖಾನ್ ಮಸ್ತಾನಾ ಅವರ ಜೊತೆ ಅದನ್ನು ಹಾಡಿದವರೂ ಇವರೇ. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಆ ಕುರ್ಚಿಯಲ್ಲಿ ಹೆಂಗಸರು ಕೂರುವುದು ಬಹಳ ಅಪರೂಪವಾಗಿದ್ದ ಕಾಲವದು. ಬಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಎದ್ದು ನಿಂತಿತು.

ಇಷ್ಟೆಲ್ಲ ದುಡಿದ ಹೆಣ್ಣು ಮನೆಯಲ್ಲಿ ಹೇಗಿದ್ದರು? ಅವರ ಮೊದಲ ಗಂಡ ಸಿನಿಮಾಗಳಲ್ಲಿ ಖಳನ ಪಾತ್ರ ಮಾಡುತ್ತಿದ್ದ ಹಿಮಾಲಯವಾಲಾ. ಅಮೀರ್‌ಬಾಯಿಯ ಬಾಳಿನ ಬಗ್ಗೆ ಬರೆದವರು ಹೇಳುವುದು ಇದು: ಆತ ಹೊಡೆಯುತ್ತಿದ್ದ, ಅವರ ಸಂಪಾದನೆಯನ್ನು ಕಸಿದುಕೊಳ್ಳುತ್ತಿದ್ದ. ಕೊನೆಗೆ ಬಿಡುಗಡೆ ಬೇಕೆಂದಾಗ ಹಣವನ್ನೂ ಕಾರನ್ನೂ ಕೊಟ್ಟು ಅದನ್ನು ಪಡೆಯಬೇಕಾಯಿತು. ಅಂದರೆ ಹೊಡೆತ ತಿಂದವರೇ ದಂಡವನ್ನೂ ತೆತ್ತರು.

ಗೆಳತಿಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಮದುವೆಯಾಗಿ ಒಳಗೆ ಬರಲು ವರದಕ್ಷಿಣೆ, ಬಂದ ಮೇಲೆ ದುಡಿದ ಕೂಲಿ, ಬೇಡವೆಂದು ಹೊರಗೆ ಹೋಗಲು ಬಿಡುಗಡೆಯ ಹಣ. ಹೆಣ್ಣಿನಿಂದ ವಸೂಲಿ ಮಾಡುವ ಈ ವ್ಯವಸ್ಥೆಗೆ ಕೊನೆ ಎಲ್ಲಿದೆ? ಮದುವೆಯ ದಿನ ಎಣಿಸಿಕೊಂಡರೆ ಮಾತ್ರ ನಾವು ಅದನ್ನು ವರದಕ್ಷಿಣೆ ಎನ್ನುತ್ತೇವೆ. ಆಮೇಲೆ ತಿಂಗಳು ತಿಂಗಳೂ ಕಿತ್ತುಕೊಳ್ಳುವುದಕ್ಕೆ ‘ಸಂಸಾರ’ ಎಂಬ ಚಂದದ ಹೆಸರು ಕೊಟ್ಟಿದ್ದೇವೆ. ನನ್ನ ಪ್ರಕಾರ ಅದು ಕಂತಿನ ವರದಕ್ಷಿಣೆ.

‘ಅವರು ಸಿನಿಮಾದವರು, ಅವರ ಕತೆ ಬೇರೆ, ಬೀಡಿ ಕಟ್ಟುವ ನಮ್ಮ ಕತೆ ಬೇರೆ’ ಎಂದು ನೀವು ಕೇಳಬಹುದು. ‘ನಾಟಕದವರಿಗೆ, ಸಿನಿಮಾದವರಿಗೆ ಸಂಸಾರ ಎಲ್ಲಿ ನೆಟ್ಟಗಿರುತ್ತದೆ’ ಎಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ಹಾಡಿ ದುಡಿದರೂ ಅಷ್ಟೇ, ಕಳೆ ಕಿತ್ತು ದುಡಿದರೂ ಅಷ್ಟೇ. ಹೊಡೆಯುವ ಕೈ ಹೆಂಡತಿಯ ಕಸುಬು ಯಾವುದೆಂದು ಕೇಳಿ ಹೊಡೆಯುವುದಿಲ್ಲ. ಸಂಘದಲ್ಲಿ ಸಾಲ ಹೆಂಡತಿಯ ಹೆಸರಿನಲ್ಲಿ, ಮೋಟಾರ್ ಸೈಕಲ್ ಗಂಡನ ಹೆಸರಿನಲ್ಲಿ. ಕಂತು ಕಟ್ಟುವವಳು ಅವಳು, ತಪ್ಪಿದರೆ ಸಭೆಯಲ್ಲಿ ತಲೆ ತಗ್ಗಿಸುವವಳೂ ಅವಳೇ. ಪಾಸ್‌ಬುಕ್ಕು ಗಂಡನ ಪೆಟ್ಟಿಗೆಯಲ್ಲಿ, ಎಟಿಎಂ ಕಾರ್ಡು ಮಗನ ಜೇಬಿನಲ್ಲಿ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ ಹೆಂಗಸರ ಖಾತೆಗೇ ಎರಡು ಸಾವಿರ ರೂಪಾಯಿ ಬರುವಂತಾದಾಗಲೂ, ಆ ಹಣ ಬಿಡಿಸಿದ್ದು ಯಾರು ಎಂದು ಎಷ್ಟು ಮನೆಗಳಲ್ಲಿ ಕೇಳಿದೆವು?

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ ಎಂಬುದು ನಾಚಿಕೆಯ ಸಂಗತಿ. ಮುಸ್ಲಿಂ ಹೆಂಗಸರು ನ್ಯಾಯಾಲಯದ ಮೂಲಕ ವಿಚ್ಛೇದನ ಪಡೆಯಲು 1939ರಲ್ಲೇ ಒಂದು ಕಾಯಿದೆ ಬಂತು. ಸದಾ ಹೊಡೆಯುವುದಷ್ಟೇ ಅಲ್ಲ, ಹೆಂಡತಿಯ ಆಸ್ತಿಯನ್ನು ಪರಭಾರೆ ಮಾಡುವುದು, ಅದರ ಮೇಲಿನ ಅವಳ ಹಕ್ಕಿಗೆ ಅಡ್ಡಬರುವುದು ಕೂಡ ಕ್ರೌರ್ಯವೇ ಎಂದು ಆ ಕಾಯಿದೆ ಹೇಳುತ್ತದೆ. ಆದರೂ ಅಮೀರ್‌ಬಾಯಿಯಂಥ ಹೆಸರುವಾಸಿ ಹೆಣ್ಣೇ ಹಣ ತೆತ್ತು ಬಿಡಿಸಿಕೊಳ್ಳಬೇಕಾಯಿತು. ಪುಸ್ತಕದಲ್ಲಿರುವ ಕಾನೂನು ತಾನಾಗಿ ನಡೆದು ಮನೆಬಾಗಿಲಿಗೆ ಬರುವುದಿಲ್ಲ, ನಾವೇ ಅದನ್ನು ಕೈಹಿಡಿದು ಕರೆತರಬೇಕು.

ಇಂದು ಎಲ್ಲ ಧರ್ಮದ ಹೆಂಗಸರಿಗೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇದೆ. ಮೈಮೇಲಿನ ಏಟಿನ ಜೊತೆಗೆ ‘ಆರ್ಥಿಕ ದೌರ್ಜನ್ಯ’ವನ್ನೂ ಅದು ಹೆಸರಿಸಿ ಹೇಳಿದೆ. ಹೆಣ್ಣಿಗೆ ಸೇರಬೇಕಾದ ಹಣ ತಡೆಹಿಡಿಯುವುದು, ಸ್ತ್ರೀಧನ ಮಾರುವುದು ಇದರಲ್ಲಿ ಸೇರಿವೆ. ಗಂಡ ಹೆಂಡಿರ ಜಂಟಿ ಖಾತೆ, ಲಾಕರನ್ನು ಗಂಡ ಮುಟ್ಟದಂತೆ ನ್ಯಾಯಾಲಯ ತಡೆಯಬಹುದು. ದೂರು ಕೊಡಲು ವಕೀಲರನ್ನೇ ಹುಡುಕಬೇಕಿಲ್ಲ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಬಹುದು, 181ಕ್ಕೆ ಫೋನ್ ಮಾಡಬಹುದು. ಇನ್ನು ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು ಎರಡೂ 1961ರ ಕಾಯಿದೆಯ ಪ್ರಕಾರ ಅಪರಾಧ. ಮದುವೆಯಲ್ಲಿ ಬೇರೆಯವರು ಪಡೆದದ್ದನ್ನು ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕೆಂದೂ ಅದೇ ಕಾಯಿದೆ ಹೇಳುತ್ತದೆ.

ನನ್ನ ಮಾತು ಇಷ್ಟೇ. ದುಡಿಮೆ ಬೇಡವೆಂದು ನಾನು ಹೇಳುತ್ತಿಲ್ಲ. ಅಮೀರ್‌ಬಾಯಿಗೆ ಸ್ವಂತ ದುಡಿಮೆ ಇಲ್ಲದಿದ್ದರೆ ಆ ಮನೆಯಿಂದ ಹೊರಬರಲು ಆಗುತ್ತಿತ್ತೋ ಇಲ್ಲವೋ. ಬಂದ ಮೇಲೆ ಅವರು ಹಾಡನ್ನು ಬಿಡಲಿಲ್ಲ. ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾಗಿ ನೆಮ್ಮದಿಯಿಂದ ಬಾಳಿದರು. 1965ರ ಮಾರ್ಚಿಯಲ್ಲಿ ತೀರಿಕೊಂಡರು. ದುಡಿಮೆ ಬಾಗಿಲು ತೆರೆಯಿತು, ನಿಜ. ಆದರೆ ಏಟನ್ನು ತಡೆಯಲಿಲ್ಲ. ಏಟು ತಡೆಯಲು ಬೇಕಾದದ್ದು ದುಡಿದದ್ದರ ಮೇಲೆ ಹಿಡಿತ, ಬೆನ್ನಿಗೆ ನಿಲ್ಲುವ ನಾಲ್ಕು ಜನ. ಲಕ್ಷ ಜನ ಅವರ ಹಾಡು ಕೇಳುತ್ತಿದ್ದರು. ಆ ಮನೆಯ ಬಾಗಿಲು ತಟ್ಟಿ ‘ಏನಾಯಿತು ತಾಯಿ’ ಎಂದು ಕೇಳುವ ಸಂಘ ಒಂದಿರಲಿಲ್ಲ.

ನಮಗೆ ಸಂಘವಿದೆ. ಅದು ಬರೀ ಉಳಿತಾಯದ ಲೆಕ್ಕ ಬರೆಯುವ ಜಾಗವಾಗಬಾರದು. ಸಾಲ ಕೊಡುವಾಗ ಮೂರು ಪ್ರಶ್ನೆ ಕೇಳುವ ರೂಢಿ ಇಡೋಣ: ಈ ಹಣ ಯಾರ ಕೆಲಸಕ್ಕೆ? ಕೊಂಡ ವಸ್ತು ಯಾರ ಹೆಸರಿಗೆ? ಪಾಸ್‌ಬುಕ್ಕು ಯಾರ ಕೈಯಲ್ಲಿ? ಸದಸ್ಯೆಯೊಬ್ಬಳು ಎರಡು ವಾರ ಸಭೆಗೆ ಬರದಿದ್ದರೆ ದಂಡ ಹಾಕುವ ಮೊದಲು ಅವಳ ಮನೆಗೆ ಹೋಗಿ ಬರೋಣ. ಕಂತು ತಪ್ಪಿದ್ದಕ್ಕೆ ಕಾರಣ ಅವಳ ಸೋಮಾರಿತನವೋ, ಮೈಮೇಲಿನ ಬಾಸುಂಡೆಯೋ, ಹೋಗಿ ನೋಡಿದರೆ ತಾನೇ ತಿಳಿಯುವುದು?