ಆ ಕವರ್ ಬಿಸಾಡಬೇಡಿ!

ನಾಯಿ, ಬೆಕ್ಕು ಸಾಕಿರೋ ಫ್ರೆಂಡ್ಸ್, ಇವತ್ತು ಅದಕ್ಕೆ ಹಾಕಿದ ಫುಡ್ ಬ್ಯಾಚ್ ನಂಬರ್ ಎಷ್ಟು? ಗೊತ್ತಿಲ್ಲ ಅಲ್ವಾ? ತಂದ ದಿನವೇ ಡಬ್ಬಿಗೆ ಸುರಿದು ಕವರ್ ಕಸಕ್ಕೆ ಹಾಕಿರ್ತೀರಿ.

"ನಾವು ದುಬಾರಿ ಬ್ರ್ಯಾಂಡೇ ಹಾಕೋದು" ಅನ್ನೋರು 2007ರ ಕಥೆ ಕೇಳಿ. ಆ ಮಾರ್ಚ್‌ನಲ್ಲಿ ಕೆನಡಾದ ಮೆನು ಫುಡ್ಸ್ ಕಂಪನಿ ಸುಮಾರು 6 ಕೋಟಿ ಡಬ್ಬಿ, ಪೌಚ್ ವಾಪಸ್ ಕರೆಸ್ತು. ಚೀನಾದಿಂದ ಬಂದ ಗೋಧಿ ಗ್ಲುಟನ್‌ಗೆ ಯಾರೋ ಮೆಲಮೈನ್ ಬೆರೆಸಿದ್ರು. ಪ್ಲಾಸ್ಟಿಕ್ ತಟ್ಟೆ ಮಾಡೋ ಕೆಮಿಕಲ್ ಅದು! ಅದರಲ್ಲಿ ನೈಟ್ರೋಜನ್ ಜಾಸ್ತಿ. ಪ್ರೋಟೀನ್ ಟೆಸ್ಟ್ ಅಳೆಯೋದೂ ನೈಟ್ರೋಜನ್ನನ್ನೇ. ಲ್ಯಾಬಲ್ಲಿ ಪಾಸ್, ಪಾಪದ ಪ್ರಾಣಿಗಳ ಕಿಡ್ನಿಯಲ್ಲಿ ಹರಳು. ಅಗ್ಗದ ಬ್ರ್ಯಾಂಡು, ದುಬಾರಿ ಬ್ರ್ಯಾಂಡು ಎರಡನ್ನೂ ತಯಾರಿಸ್ತಿದ್ದದ್ದು ಅದೇ ಕಂಪನಿ. ತಮ್ಮ ಮನೇದು ಆ ಲಾಟಿನದ್ದಾ ಅಂತ ತಿಳಿಯೋಕೆ ಇದ್ದ ದಾರಿ, ಡಬ್ಬಿ ಮೇಲಿನ ದಿನಾಂಕ, ನಂಬರ್.

ಅದಕ್ಕೇ, ಮೂಟೆ ಬಿಚ್ಚಿ ಕೆಜಿ ಲೆಕ್ಕದಲ್ಲಿ ಕೊಡೋ ಲೂಸ್ ಫುಡ್ ನನ್ನ ಪ್ರಕಾರ ಬೇಡವೇ ಬೇಡ. ಬೀದಿ ನಾಯಿಗಳಿಗೆ ಅಂತ ದುಡ್ಡು ಕೂಡಿಸಿ ತರೋರ ಮನಸ್ಸು ದೊಡ್ಡದು, ಒಪ್ತೀನಿ. ಆದ್ರೆ ಅದಕ್ಕೆ ನಂಬರೂ ಇಲ್ಲ, ಡೇಟೂ ಇಲ್ಲ. ಮಳೆಗಾಲದಲ್ಲಿ ತೇವ ಎಳ್ಕೊಂಡ್ರೆ ಬೂಸ್ಟು ಬೇರೆ. ಕೆಲವು ಬೂಸ್ಟಿನ ಅಫ್ಲಾಟಾಕ್ಸಿನ್ ಲಿವರನ್ನೇ ಕೆಡಿಸುತ್ತೆ, ಕುದಿಸಿದ್ರೂ ಹೋಗಲ್ಲ.

ಫುಡ್ಡನ್ನ ಕವರ್ ಸಮೇತ ಡಬ್ಬಿಯೊಳಗಿಡಿ. ನಂಬರಿನ ಫೋಟೋ ತೆಗೀರಿ (ನಿಮ್ಮ ಗ್ಯಾಲರಿಯಲ್ಲಿ ಅದರ ಮೂತಿ ಫೋಟೋ ಐನೂರಿದೆ, ಇದೊಂದು ಭಾರವಾಗಲ್ಲ). ಇದ್ದಕ್ಕಿದ್ದಂತೆ ಊಟ ಬಿಟ್ರೆ, ವಾಂತಿ ಮಾಡಿದ್ರೆ, ವಿಪರೀತ ನೀರು ಕುಡಿದ್ರೆ ಆ ಫುಡ್ ನಿಲ್ಸಿ, ಕವರ್ ಹಿಡ್ಕೊಂಡೇ ಡಾಕ್ಟರ್ ಹತ್ರ ಓಡಿ.