ಕಾಡಿನ ಮಿತಿಯೂ ಒಂದು ಅಮಾನತ್

ಭೂಮಿಯಲ್ಲಿ ಸಂಚರಿಸಿ ಅಲ್ಲಾಹನ ಸೃಷ್ಟಿಯ ಕುರಿತು ಚಿಂತಿಸುವಂತೆ ಪವಿತ್ರ ಕುರ್‌ಆನ್ ಮನುಷ್ಯನನ್ನು ಪದೇ ಪದೇ ಆಹ್ವಾನಿಸುತ್ತದೆ. ಆದ್ದರಿಂದ ರಜೆಯ ದಿನ ಕಾಡಿನಲ್ಲಿ ನಾಲ್ಕು ಮೈಲಿ ನಡೆದು ಬರುವುದು ಸತ್ಯವಿಶ್ವಾಸಿಯ ಪಾಲಿಗೆ ಬರಿಯ ಕಾಲಹರಣವಲ್ಲ. ಹುಬ್ಬಳ್ಳಿ-ಧಾರವಾಡದವರಿಗಂತೂ ಈ ಅವಕಾಶ ಎರಡು ತಾಸಿನ ದಾರಿಯಲ್ಲಿದೆ. ಹಳಿಯಾಳ ದಾಟಿ ದಾಂಡೇಲಿ ತಲುಪಿದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ವನ್ಯಜೀವಿಧಾಮವೂ 1987ರಲ್ಲಿ ಘೋಷಣೆಯಾದ ಅಣಶಿ ರಾಷ್ಟ್ರೀಯ ಉದ್ಯಾನವೂ ಇದರಲ್ಲಿ ಸೇರಿವೆ. ಹುಲಿ, ಕರಿಚಿರತೆ, ಮಂಗಟ್ಟೆ ಹಕ್ಕಿಗಳ ನೆಲೆಯಿದು.

ಆದರೆ ಅಲ್ಲಿಗೆ ಹೋಗುವ ನಮ್ಮ ರೀತಿ ಹೇಗಿರಬೇಕು?

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ರಜೆಯಲ್ಲಿ ಸಾವಿರಾರು ಮಂದಿ ಮುಗಿಬಿದ್ದರು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ರಾಜ್ಯ ಸರಕಾರ ತಡೆಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಆರಂಭವಾಗಿ, ಒಂದು ಚಾರಣ ಹಾದಿಗೆ ದಿನಕ್ಕೆ 300 ಮಂದಿಯ ಮಿತಿ ಬಂತು. ದೇವನು ಸೃಷ್ಟಿಸಿದ ಬೆಟ್ಟವನ್ನು ನೋಡಲು ಟಿಕೆಟ್ ಏಕೆ, ಬೇಲಿ ಏಕೆ ಎಂದು ಅನೇಕರು ಗೊಣಗುತ್ತಾರೆ.

ಈ ಮಿತಿ ಮುಸ್ಲಿಮರಿಗೆ ಹೊಸದಾಗಿ ಕಾಣಬೇಕಿಲ್ಲ. ಪ್ರವಾದಿ ಮುಹಮ್ಮದ್(ಸ) ಮದೀನದ ಸುತ್ತಲಿನ ನೆಲವನ್ನು ಹರಮ್ ಎಂದು ಘೋಷಿಸಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. ಸಾರ್ವಜನಿಕ ಹಿತಕ್ಕಾಗಿ ಕಾಯ್ದಿರಿಸಿದ ಹುಲ್ಲುಗಾವಲುಗಳಿಗೆ 'ಹಿಮಾ' ಎಂಬ ಹೆಸರಿತ್ತು. ಪ್ರಾಣಿ ಪಕ್ಷಿಗಳನ್ನು ನಿಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ ಪರಿಚಯಿಸುತ್ತದೆ. ಇನ್ನೊಂದು ಸಮುದಾಯದ ಮನೆಗೆ ಅನುಮತಿ ಪಡೆದೇ ಪ್ರವೇಶಿಸುವುದು ಶಿಷ್ಟಾಚಾರವಲ್ಲವೇ?

ಮಂಗಟ್ಟೆಯನ್ನೇ ನೋಡಿರಿ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಕಿರಿದಾದ ಸೀಳೊಂದೇ ಉಳಿಯುತ್ತದೆ. ಗಂಡು ಹಕ್ಕಿ ಹಣ್ಣು ತಂದು ಆ ಸೀಳಿನ ಮೂಲಕ ತಾಯಿಗೂ ಮರಿಗಳಿಗೂ ಉಣಿಸುತ್ತದೆ. ಆ ಮರದ ಕೆಳಗೆ ಧ್ವನಿವರ್ಧಕ ಹಚ್ಚಿ ಕುಣಿಯುವ ಗುಂಪು ಒಂದು ಸಂಸಾರದ ಅನ್ನಕ್ಕೆ ಅಡ್ಡಿಯಾಗುತ್ತದೆ. ಭೂಮಿಯ ಮೇಲೆ ವಿನಯದಿಂದ ನಡೆಯಬೇಕೆಂಬ ಆದೇಶಕ್ಕೆ ಕಾಡಿನ ಹಾದಿಗಿಂತ ಸ್ಪಷ್ಟವಾದ ಅರ್ಥ ಬೇರೆಲ್ಲಿ ಸಿಕ್ಕೀತು? ದಾರಿಯಿಂದ ತೊಡಕನ್ನು ಸರಿಸುವುದು ದಾನವೆಂದು ಕಲಿತ ಸಮುದಾಯವು ಬಿರಿಯಾನಿಯ ತಟ್ಟೆ, ನೀರಿನ ಬಾಟಲಿಗಳನ್ನು ಕಾಳಿಯ ದಡದಲ್ಲಿ ಬಿಟ್ಟು ಬರುವುದು ಹೇಗೆ ಸರಿ?

ಆದರೆ ಮಿತಿಯ ಜೊತೆ ನ್ಯಾಯವೂ ಇರಬೇಕು. ಖಲೀಫಾ ಉಮರ್(ರ) ಹಿಮಾದ ಕಾವಲಿಗೆ ಹುನಯ್ಯ್‌ರನ್ನು ನೇಮಿಸಿದಾಗ, ನಾಲ್ಕಾರು ಒಂಟೆ, ಕುರಿಗಳಿರುವ ಬಡವನನ್ನು ಒಳಗೆ ಬಿಡಬೇಕೆಂದೂ ಸಿರಿವಂತ ಸಹಾಬಿಗಳಾದ ಇಬ್ನು ಔಫ್ ಮತ್ತು ಇಬ್ನು ಅಫ್ಫಾನ್‌ರ ಜಾನುವಾರುಗಳನ್ನು ದೂರವಿಡಬೇಕೆಂದೂ ತಾಕೀತು ಮಾಡಿದರು. ಸಿರಿವಂತರ ಜಾನುವಾರು ಸತ್ತರೂ ಅವರಿಗೆ ತೋಟ, ಹೊಲಗಳಿವೆ. ಬಡವನಿಗೆ ಬೇರೇನಿದೆ ಎಂಬುದು ಅವರ ವಾದವಾಗಿತ್ತು.

ಈ ಮಾತನ್ನು ಜೊಯಿಡಾದ ಕಾಡಿನಲ್ಲಿ ನಿಂತು ಆಲೋಚಿಸಬೇಕು. ಅಲ್ಲಿ ತಲೆಮಾರುಗಳಿಂದ ಗೆಡ್ಡೆ ಗೆಣಸು ಬೆಳೆದು ಬದುಕಿದ ಕುಣಬಿಗಳಿದ್ದಾರೆ, ಎಮ್ಮೆ ಮೇಯಿಸುವ ಗೌಳಿಗಳಿದ್ದಾರೆ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡವರಿದ್ದಾರೆ. ಅವರಿಗೆ ಕಾನೂನು ಬಿಗಿಯಾಗಿ, ರೆಸಾರ್ಟಿನ ಅತಿಥಿಗೆ ಸಡಿಲವಾದರೆ ಅದು ಹಿಮಾದ ನೀತಿಗೆ ನೇರ ವಿರುದ್ಧ. ವಾರಾಂತ್ಯಕ್ಕೆ ಬರುವ ನಮಗೆ ಹುಬ್ಬಳ್ಳಿಯಲ್ಲಿ ಮನೆಯಿದೆ, ಅಂಗಡಿಯಿದೆ, ನೌಕರಿಯಿದೆ. ಅವರಿಗಿರುವುದು ಈ ಕಾಡು ಮಾತ್ರ.

ಆದ್ದರಿಂದ ಮುಂದಿನ ಬಾರಿ ಹೊರಡುವಾಗ ಅನುಮತಿ ಪಡೆದು, ಚಿಕ್ಕ ಗುಂಪಾಗಿ, ಸ್ಥಳೀಯ ಮಾರ್ಗದರ್ಶಿಯ ಜೊತೆ ನಡೆಯೋಣ. ಊಟವನ್ನು ಅಲ್ಲಿನ ಮನೆಯೊಂದರಲ್ಲೇ ಕೊಂಡು ಉಣ್ಣೋಣ. ನಮಾಝಿನ ಹೊತ್ತಿಗೆ ಎಲ್ಲಿದ್ದರೆ ಅಲ್ಲೇ ಸಾಲು ನಿಲ್ಲಬಹುದು, ಇಡೀ ಭೂಮಿಯೇ ನಮಗೆ ಮಸೀದಿ. ಮಸೀದಿಯ ಅಂಗಳವನ್ನು ಹೇಗೆ ಬಿಟ್ಟು ಬರುತ್ತೇವೆಯೋ ಕಾಡನ್ನೂ ಹಾಗೆಯೇ ಬಿಟ್ಟು ಬರೋಣ.